ಕಾನ್ವೆಂಟಿಗೆ ಬಂದ ಹೊಸ ಕೋಣೆ

ನಮ್ಮೂರಲ್ಲಿ ಮನೆ ಕಟ್ಟಿಸುವವರು ಅಡುಗೆಮನೆ, ಹಜಾರ, ಬಚ್ಚಲು ಇಷ್ಟನ್ನು ಮಾತ್ರ ಕಟ್ಟಿಸುತ್ತಾರೆ. ಮಲಗುವ ಕೋಣೆಗಳು ತಾವಾಗಿ ಬರುತ್ತವೆ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಕೋಣೆ. ಮಗು ಹುಟ್ಟಿ ಹೆಸರಿಡುವ ಹೊತ್ತಿಗೆ ಹಿತ್ತಿಲ ಕಡೆ ಒಂದು ಪುಟ್ಟ ಕೋಣೆ ಎದ್ದಿರುತ್ತದೆ. ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದು ಕಾಲು ತೊಳೆಯುವಷ್ಟರಲ್ಲಿ ಅವರ ಬಾಗಿಲಿದ್ದ ಕಡೆ ಬರೀ ಗೋಡೆ. ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ತೊಂದರೆ ಏನೆಂದರೆ, ಮನೆ ನಮ್ಮ ಮೈಯನ್ನು ನೋಡಿ ಎಣಿಸುವುದಿಲ್ಲ, ಮನಸ್ಸನ್ನು ನೋಡಿ ಎಣಿಸುತ್ತದೆ. ದರ್ಜಿ ಇನ್ನಾಸಪ್ಪ ದಿನಾ ಮನೆಯಲ್ಲೇ ಉಣ್ಣುತ್ತಿದ್ದ, ಮನೆಯಲ್ಲೇ ಮಲಗುತ್ತಿದ್ದ. ಆದರೂ ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಅವನೂ ಅವನ ಮಂಚವೂ ಹಜಾರದ ನಡುವೆ ಇದ್ದರು. ಎರಡು ಬೀದಿಯಾಚೆ ಬಳೆ ಮಾರುವ ಹೆಂಗಸಿನ ಮನೆಗೆ ಒಂದು ಕೋಣೆ ಹೆಚ್ಚಾಗಿತ್ತು. ಅವನ ಹೆಂಡತಿ ಒಂದು ಮಾತೂ ಆಡದೆ ಮಂಚವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸಿ ಬಂದಳು. ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನ ಉದ್ಯೋಗ ವಿಚಾರಿಸುವ ಮೊದಲು ಅವನ ಕೋಣೆ ತೋರಿಸಿ ಅನ್ನುತ್ತಾರೆ. ಕೋಣೆ ಎಣಿಸಿ ಕಂದಾಯ ಹಾಕುವ ಪದ್ಧತಿ ಒಂದು ಕಾಲದಲ್ಲಿತ್ತಂತೆ. ಕಂದಾಯದವರು ಬರುವ ವಾರ ಅಣ್ಣತಮ್ಮಂದಿರೆಲ್ಲ ಹೊಡೆದಾಡಿಕೊಂಡು ಕೋಣೆ ಕಡಿಮೆ ಮಾಡಿಕೊಳ್ಳಲು ಶುರು ಮಾಡಿದ ಮೇಲೆ ಅದನ್ನು ಕೈಬಿಟ್ಟರು.

ಊರಿನ ತೆಂಕಣ ತುದಿಯಲ್ಲಿ ಸದ್ಬೋಧೆಯ ಸೋದರಿಯರು ಎಂಬ ಸನ್ಯಾಸಿನಿಯರ ಸಭೆಯ ಕಾನ್ವೆಂಟು, ಅದಕ್ಕೆ ಅಂಟಿಕೊಂಡಂತೆ ಹೆಣ್ಣುಮಕ್ಕಳ ಶಾಲೆ. ನನ್ನ ಅಜ್ಜಿ ಓದುವ ಕಾಲಕ್ಕೆ ಆ ಕಾನ್ವೆಂಟಿನ ಕಾರಿಡಾರಿನಲ್ಲಿ ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳಿಸುತ್ತಿರಲಿಲ್ಲವಂತೆ, ಅಷ್ಟೊಂದು ಕೋಣೆಗಳಿದ್ದವು. ಈಗ ಪಿಸುಗುಟ್ಟಿದರೂ ಕೇಳಿಸುತ್ತದೆ. ಸಿಸ್ಟರುಗಳು ಏಳು ಜನ, ಕೋಣೆಗಳು ಆರು. ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏಳನೆಯವರಾದ ಸಿಸ್ಟರ್ ಅಪೊಲಿನ್ ಅತಿಥಿಗಳನ್ನು ಕೂರಿಸುವ ಪಾರ್ಲರಿನಲ್ಲಿ, ಹಸಿರು ಪರದೆಯೊಂದರ ಹಿಂದೆ ಮಲಗುತ್ತಿದ್ದರು. ಬಂದವರು ಕೇಳಿದರೆ ಕಾನ್ವೆಂಟಿನ ಮುಖ್ಯಸ್ಥೆ, ಅಂದರೆ ಸುಪೀರಿಯರೂ, ಶಾಲೆಯ ಹೆಡ್‌ಮಿಸ್ಟ್ರೆಸ್ಸೂ ಆದ ಸಿಸ್ಟರ್ ಲಿಯೋನಿ, "ಅವರಿಗೆ ಗಾಳಿ ಬೇಕು" ಅನ್ನುತ್ತಿದ್ದರು. ಪಾರ್ಲರಿಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೂ ಮೊಳೆ ಹೊಡೆದಿತ್ತು.

ಸಿಸ್ಟರ್ ಅಪೊಲಿನ್ ಅವರ ಕೋಣೆ ಹೋದದ್ದು ಅವರಿಂದ ಪಾಠ ಕಿತ್ತುಕೊಂಡ ವಾರ. ಊರಿನ ಅರ್ಧಕ್ಕರ್ಧ ಹೆಂಗಸರಿಗೆ ಮಗ್ಗಿ ಕಲಿಸಿದವರು ಅವರು. ಬೆನ್ನು ಬಾಗುತ್ತ ಬಾಗುತ್ತ ಕಡೆಗೆ ಕರಿಹಲಗೆಯ ಅರ್ಧಕ್ಕೂ ಕೈ ನಿಲುಕದಂತಾದಾಗ ಸಭೆಯವರು ಒಂದು ಸಮಾರಂಭ ಮಾಡಿದರು. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, "ಇನ್ನು ಮುಂದೆ ನೀವು ಪ್ರಾರ್ಥನೆಯ ಮೂಲಕ ಸೇವೆ ಸಲ್ಲಿಸಿ" ಅಂದರು. ಸಭೆಯ ಭಾಷೆಯಲ್ಲಿ ಹಾಗಂದರೆ ಒಂದು ಕಡೆ ಸುಮ್ಮನೆ ಕೂತಿರಿ ಎಂದರ್ಥ. ಆ ಭಾನುವಾರ ಪೂಜೆ ಮುಗಿಸಿ ಬಂದು ನೋಡಿದರೆ ಅವರ ಬಾಗಿಲಿದ್ದ ಕಡೆ ಗೋಡೆ. ಗಡಿಯಾರ ಹಾಕಲು ಒಂದು ಗೋಡೆ ಸಿಕ್ಕಿತು ಅಂತ ಅಡುಗೆಯ ಸಿಸ್ಟರ್ ಬರ್ನಿ ಅಂದರಂತೆ. ಬರ್ನಿಯವರ ಬಾಯಿಗೆ ಮಾತ್ರ ಆ ಮಠದಲ್ಲಿ ಯಾರೂ ಬೀಗ ಹಾಕಲಾಗಿಲ್ಲ. ಊಟ ಅವರ ಕೈಯಲ್ಲಿದೆ.

ನಾನು ಆ ಶಾಲೆಯ ಗಣಿತದ ಮಿಸ್ಸು, ಜಸಿಂತಾ. ದೇವರು ನನಗೆ ಎತ್ತರವನ್ನು ಧಾರಾಳವಾಗಿ ಕೊಟ್ಟ, ದನಿ ಕೊಡುವ ಹೊತ್ತಿಗೆ ಅವನ ಕೈ ಬರಿದಾಗಿತ್ತು. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವಳು ನಾನು. ಆದರೆ ಏಳನೇ ತರಗತಿಯ ಎರಡನೇ ಬೆಂಚಿನಿಂದಾಚೆಗೆ ನನ್ನ ಮಾತು ದಾಟುತ್ತಿರಲಿಲ್ಲ. ಮನುಷ್ಯರಿಗೆ ಹೇಳಬೇಕಾದ್ದನ್ನೆಲ್ಲ ಸಂಜೆ ಮನೆಗೆ ಹೋಗಿ ದಿನಚರಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಅಲ್ಲಿ ನಾನು ಎಲ್ಲರಿಗೂ ತಕ್ಕ ಉತ್ತರ ಕೊಟ್ಟಿದ್ದೇನೆ. ಎದುರಿಗೆ ಸಿಕ್ಕಾಗ ಮಾತ್ರ ಯಾರು ಏನು ಕೇಳಿದರೂ "ಹ್ಞೂಂ" ಅನ್ನುತ್ತೇನೆ. ಕೇಳಿಸಿತು ಎಂಬಷ್ಟೇ ಅದರ ಅರ್ಥ. ಇದು ಗೊತ್ತಿರುವುದು ನನ್ನ ಅಮ್ಮನಿಗೊಬ್ಬಳಿಗೆ.

ಕಳೆದ ಜೂನಿನಲ್ಲಿ, ನಾನು ಹಲಗೆಯ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಹಿಂದಿನ ಬೆಂಚುಗಳಲ್ಲಿ ಸಂತೆ ನಡೆದಿತ್ತು. ಕಿಟಕಿಯಾಚೆ ಬೇವಿನ ಮರದಡಿ ಜಪಸರ ಹಿಡಿದು ಕೂತಿದ್ದ ಸಿಸ್ಟರ್ ಅಪೊಲಿನ್ ಒಮ್ಮೆಲೇ, "ಸೊನ್ನೆ ಎಲ್ಲಿ ಹೋಯ್ತೇ ಹುಡುಗಿ? ನುಂಗಿಬಿಟ್ಯಾ?" ಅಂದರು. ಇಡೀ ತರಗತಿ ತಣ್ಣಗಾಯಿತು. ನಾನು ಸೊನ್ನೆ ಬರೆದೆ. ಮಾರನೆಯ ದಿನ ಅವರು ಪಕ್ಕದ ಬಾಗಿಲಿನಿಂದ ಒಳಗೇ ಬಂದರು. ಅಲ್ಲಿಂದಾಚೆಗೆ ನಮ್ಮದೊಂದು ಏರ್ಪಾಡು ಆಯಿತು. ಮಾತು ಅವರದು, ಕೈ ನನ್ನದು. ಅವರು ಎಲ್ಲೋ ನನ್ನ ಮೊಣಕೈ ಮಟ್ಟದಿಂದ, "ಮೇಲಿನ ಅಂಶ, ಕೆಳಗಿನ ಛೇದ, ಮಧ್ಯೆ ಗೆರೆ, ಗೆರೆ ನೆಟ್ಟಗೆ ಎಳಿ, ಅದೇನು ನನ್ನ ಬೆನ್ನಾ?" ಅನ್ನುತ್ತಿದ್ದರು, ನಾನು ಹಲಗೆಯ ನೆತ್ತಿಯಿಂದ ಬರೆಯುತ್ತ ಬರುತ್ತಿದ್ದೆ. ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ಮೇಷ್ಟ್ರು. ಮಕ್ಕಳು ಮನೆಯಲ್ಲೂ ಬಾಯಿ ಬಿಡಲಿಲ್ಲ, ಯಾಕೆಂದರೆ ಮೊದಲ ಬಾರಿಗೆ ಅವರಿಗೆ ಭಿನ್ನರಾಶಿ ಅರ್ಥವಾಗುತ್ತಿತ್ತು. ಸಿಸ್ಟರ್ ಲಿಯೋನಿ ತರಗತಿಗಳ ಉಸ್ತುವಾರಿಯನ್ನು ಕಿವಿಯಿಂದಲೇ ಮಾಡುವವರು. ಗಲಾಟೆ ಕೇಳಿಸದಿದ್ದರೆ ಅಲ್ಲಿ ಪಾಠ ನಡೆದಿದೆ ಎಂದು ಅವರ ಲೆಕ್ಕ. ಹಾಗಾಗಿ ಅವರು ನನ್ನನ್ನು ಹೊಗಳತೊಡಗಿದ್ದರು.

ಹೀಗಿರುವಾಗ ಸಭೆಯ ಪ್ರಾಂತ್ಯದ ಮುಖ್ಯಸ್ಥೆ ಮದರ್ ಕ್ಲೆಮೆನ್ಸಿಯಾ ಭವಿಷ್ಯ ಯೋಜನೆಗೆ ಬರುತ್ತಾರೆ ಎಂಬ ಸುದ್ದಿ ಬಂತು. ಮುಂದಿನ ಹನ್ನೆರಡು ವರ್ಷ ಸಭೆ ಹೇಗೆ ಬಾಳಬೇಕು ಎಂಬುದನ್ನು ಎರಡು ದಿನದಲ್ಲಿ ತೀರ್ಮಾನಿಸುವ ಕಾರ್ಯಕ್ರಮ ಅದು. ಬೇರೆ ಊರುಗಳಲ್ಲಿ ಆ ಯೋಜನೆ ಆದಮೇಲೆ ಕಾನ್ವೆಂಟನ್ನು ಮದುವೆ ಛತ್ರಕ್ಕೋ ಮೊಬೈಲ್ ಟವರಿಗೋ ಕೊಟ್ಟ ಕತೆಗಳನ್ನು ಕೇಳಿ ಸಿಸ್ಟರುಗಳು ಹೆದರಿದ್ದರು. ಹತ್ತೊಂಬತ್ತು ವರ್ಷಗಳಿಂದ ಒಂದೂ ಹೊಸ ಕೋಣೆ ಬಂದಿಲ್ಲದ ಮನೆಯ ಭವಿಷ್ಯ ಅಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸೇರಿ ನವೇನ ಎಂಬ ಒಂಬತ್ತು ದಿನದ ಪ್ರಾರ್ಥನೆ ಶುರು ಮಾಡಿದರು. ಅದು ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಕಾರಿಡಾರು ಗುಡಿಸುತ್ತಿದ್ದ ಸಿಸ್ಟರ್ ಬರ್ನಿಯವರ ಪೊರಕೆ ಗೋಡೆಗೆ ತಾಗುವ ಬದಲು ಹೊಸಿಲಿಗೆ ತಾಗಿತು.

ಗಂಟೆ ಬಾರಿಸಿದರು. ಹೊತ್ತಲ್ಲದ ಹೊತ್ತಿನ ಗಂಟೆ ಕೇಳಿ ಶಾಲೆಯ ಮಕ್ಕಳು ಮನೆಗೆ ಓಡಿದರು. ಸಿಸ್ಟರುಗಳು ಬಾಗಿಲ ಮುಂದೆ ಮಂಡಿಯೂರಿ ಕಣ್ಣೀರು ಸುರಿಸಿದರು. ಇದು ದೈವಕರೆ, ಯಾರೋ ಒಬ್ಬ ಹೆಣ್ಣುಮಗಳು ಮನಸ್ಸಿನಲ್ಲೇ ಸಭೆಗೆ ಸೇರಿಬಿಟ್ಟಿದ್ದಾಳೆ, ಮನೆ ಅದನ್ನು ತಿಳಿದುಕೊಂಡಿದೆ ಎಂದು ಸಿಸ್ಟರ್ ಲಿಯೋನಿ ಸಾರಿದರು. ಆ ಹೆಣ್ಣುಮಗಳು ಯಾರು ಎಂದು ಗೊತ್ತುಮಾಡುವುದೊಂದೇ ಬಾಕಿ. ಶಾಲೆಯಲ್ಲಿ ಮದುವೆಯಾಗದ ಕ್ರೈಸ್ತ ಮಿಸ್ಸುಗಳು ಮೂವರು. ಡ್ರಾಯಿಂಗ್ ಮಿಸ್ಸಿಗೆ ನಿಶ್ಚಿತಾರ್ಥವಾಗಿತ್ತು. ಹಿಂದಿ ಮಿಸ್ಸು ಎದುರು ವಾದಿಸುತ್ತಾರೆ. ಉಳಿದವಳು ನಾನು. ಬದುಕಿ ಉಸಿರಾಡುತ್ತಿರುವ ಏಳನೆಯ ಸಿಸ್ಟರು ಅದೇ ಮನೆಯ ಪಾರ್ಲರಿನಲ್ಲಿ ಪರದೆಯ ಹಿಂದೆ ಕೂತಿದ್ದು ಯಾರ ನೆನಪಿಗೂ ಬರಲಿಲ್ಲ. ಅವರ ಕೋಣೆ ಹೋಗಿಲ್ಲವೆಂದು ಅಷ್ಟು ವರ್ಷ ನಟಿಸಿದವರಿಗೆ ಅದು ವಾಪಸು ಬರಬಹುದೆಂದು ಹೊಳೆಯುವುದಾದರೂ ಹೇಗೆ?

ಸಿಸ್ಟರ್ ಲಿಯೋನಿ ನನ್ನನ್ನು ಆಫೀಸಿಗೆ ಕರೆಸಿಕೊಂಡರು.

"ಜಸಿಂತಾ, ಇತ್ತೀಚೆಗೆ ನಿನಗೆ ಒಳಗಿಂದ ಏನೋ ಒಂಥರಾ ಅನ್ನಿಸ್ತಿದೆಯಾ?"

ಆ ದಿನ ನಾನು ತಿಂಡಿ ತಿಂದಿರಲಿಲ್ಲ. "ಹ್ಞೂಂ ಸಿಸ್ಟರ್" ಅಂದೆ.

"ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗದಂಥದ್ದಾ?"

"ಹ್ಞೂಂ."

ಅವರು ಎದ್ದು ಬಂದು ನನ್ನ ಹಣೆಗೆ ಶಿಲುಬೆಯ ಗುರುತು ಹಾಕಿದರು. ಅದಕ್ಕಾಗಿ ಅವರು ಕುರ್ಚಿಯ ಮೇಲೆ ಒಂದು ಕಾಲಿಡಬೇಕಾಯಿತು. ಆಮೇಲೆ ಕೈ ಹಿಡಿದು ಕೋಣೆ ತೋರಿಸಲು ಕರೆದುಕೊಂಡು ಹೋದರು. ನಾನು ಬಾಗಿಲು ದಾಟುವಾಗ ಮೇಲಿನ ಪಟ್ಟಿಗೆ ತಲೆ ಬಡಿದು ಕಣ್ಣು ಕತ್ತಲಿಟ್ಟಿತು. ಬಾಗಿಲು ನನ್ನ ಭುಜದಷ್ಟು ಎತ್ತರವಿತ್ತು.

"ನೋಡಿದ್ಯಾ, ತಗ್ಗಿ ಬಾ ಮಗಳೇ ಅಂತ ಕರೀತಿದ್ದಾನೆ" ಎಂದು ಲಿಯೋನಿ ಗದ್ಗದಿತರಾದರು. ಹಿಂದೆ ನಿಂತಿದ್ದ ಸಿಸ್ಟರುಗಳು "ಆಮೆನ್" ಅಂದರು.

ಒಳಗೆ ಕಿಟಕಿ ನನ್ನ ಸೊಂಟದ ಮಟ್ಟಕ್ಕಿತ್ತು. ಬಟ್ಟೆ ನೇತುಹಾಕುವ ಗೂಟ ಮೊಣಕೈ ಹತ್ತಿರ. ಕಿಟಕಿಯಿಂದ ಬಗ್ಗಿ ನೋಡಿದರೆ ನೇರವಾಗಿ ಏಳನೇ ತರಗತಿ. ಮಂಚದ ಎದುರಿನ ಗೋಡೆ ನೆಲದಿಂದ ನನ್ನ ಎದೆಯ ತನಕ ಕಪ್ಪಗೆ, ನುಣ್ಣಗೆ ಇತ್ತು. ಅದರ ಅಂಚಿಗೆ ಸೀಮೆಸುಣ್ಣ ಇಡುವಷ್ಟೇ ಅಗಲದ ಒಂದು ದಂಡೆ. ಇದೇಕೆ ಕಪ್ಪು ಎಂದು ಯಾರೋ ಕೇಳಿದಾಗ, ಲೋಕಕ್ಕೆ ಸತ್ತವಳಾಗುವ ಸೂಚನೆ ಎಂದು ಲಿಯೋನಿ ವಿವರಿಸಿದರು. ನಾನು ಹಣೆ ಉಜ್ಜಿಕೊಳ್ಳುತ್ತ ನಿಂತಿದ್ದೆ. ಇದು ಯಾರ ಕೋಣೆ ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಆದರೆ "ಏನಮ್ಮ, ಒಪ್ಪಿಗೆಯಾ?" ಎಂದು ಅವರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಅದೇ ಹಾಳು "ಹ್ಞೂಂ".

ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಪಕ್ಕದ ಮನೆಯವರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಿದ್ದರು. ಅಮ್ಮ ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ನನ್ನ ಕೋಣೆಗೆ ಹೋದಳು. ನಾಲ್ಕೂ ಗೋಡೆಗಳನ್ನು ಅಂಗೈಯಿಂದ ತಟ್ಟಿ ನೋಡಿದಳು.

"ಒಂದು ಬೆರಳೂ ಕದಲಿಲ್ಲ. ನೀನು ಇಲ್ಲೇ ಇದ್ದೀಯ ಕಣೇ. ಅಲ್ಲಿ ಯಾವಳೋ ಬೇರೆಯವಳು ಬಂದಿದಾಳೆ."

"ಗೊತ್ತಮ್ಮ."

"ಗೊತ್ತಿದ್ರೆ ಹೇಳೋಕೇನು ಬೇನೆ? ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ನಾನೇ ಹೋಗಿ ಹೇಳ್ಲಾ?"

"ಬೇಡಮ್ಮ. ನಾನೇ ಹೇಳ್ತೀನಿ."

"ನೀನು ಹೇಳೋ ಹೊತ್ತಿಗೆ ಆ ಲಿಯೋನಿ ನಿನಗೆ ಮುಸುಕು ಹಾಕಿ ಮಠದ ತಲೆಬಾಗಿಲಲ್ಲಿ ನಿಲ್ಲಿಸಿರ್ತಾಳೆ."

ಅಮ್ಮ ಹೇಳಿದ್ದು ಹೆಚ್ಚುಕಮ್ಮಿ ಸರಿಯೇ ಆಗಿತ್ತು. ಆ ವಾರದೊಳಗೆ ಲಿಯೋನಿ ಫೋನಿನಲ್ಲಿ ಪ್ರಾಂತ್ಯಕ್ಕೆ ಎಲ್ಲ ಹೇಳಿ ಮುಗಿಸಿದ್ದರು. ಮದರ್ ಕ್ಲೆಮೆನ್ಸಿಯಾ ವ್ಯಾನಿನಲ್ಲಿ ಬರುತ್ತಾರೆ; ವಾಪಸು ಹೋಗುವಾಗ ಅದೇ ವ್ಯಾನಿನಲ್ಲಿ ನನ್ನನ್ನು ತರಬೇತಿಯ ಮಠಕ್ಕೆ ಒಯ್ಯುತ್ತಾರೆ. ಒಂದು ಸೀಟು ಖಾಲಿ ಹೋಗುವುದೇಕೆ ಎಂದು, ದಾರಿಯಲ್ಲೇ ಸಿಗುವ ಸಭೆಯ ವಿಶ್ರಾಂತಿ ನಿಲಯದಲ್ಲಿ ಸಿಸ್ಟರ್ ಅಪೊಲಿನ್ ಅವರನ್ನು ಇಳಿಸುತ್ತಾರೆ. ಇನ್ನು ಮುಂದೆ ಹೊಸಬರು ಬರತೊಡಗಿದರೆ ಅವರ ಅಪ್ಪ ಅಮ್ಮಂದಿರನ್ನು ಕೂರಿಸಲು ಪಾರ್ಲರು ಖಾಲಿ ಬೇಕಲ್ಲ. ವಿಶ್ರಾಂತಿ ನಿಲಯದಲ್ಲಿ ಎಲ್ಲ ಸೌಕರ್ಯ ಇದೆಯಂತೆ. ಅಲ್ಲಿ ಶಾಲೆ ಒಂದು ಇಲ್ಲ, ಅಷ್ಟೆ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಪಾರ್ಲರಿಗೆ ಹೋದೆ. ಸಿಸ್ಟರ್ ಅಪೊಲಿನ್ ಮಂಚದ ಮೇಲೆ ಕೂತು ಮಕ್ಕಳ ನೋಟ್ಸು ತಿದ್ದುತ್ತಿದ್ದರು.

"ಸಿಸ್ಟರ್, ಆ ಕೋಣೆ..."

"ನಂದೇ. ನಿನ್ನೆ ಹೋಗಿ ಕೂತು ಬಂದೆ. ಕಿಟಕಿ ನನ್ನ ಗಲ್ಲಕ್ಕೆ ಸರಿಯಾಗಿದೆ. ಕರಿಹಲಗೆ ಅಂತೂ, ಹಾ, ಮೇಲಿನ ತುದಿ ತನಕ ಕೈ ಹೋಗುತ್ತೆ." ಅವರು ಸಣ್ಣ ಹುಡುಗಿಯಂತೆ ನಕ್ಕರು. "ಭಿನ್ನರಾಶಿಯಿಂದ ಬಂದ ಕೋಣೆ ಕಣೇ ಅದು."

"ಹಾಗಾದ್ರೆ ಹೇಳಿ ಅವರಿಗೆ."

"ನಾನು ಹೆಂಗೆ ಹೇಳ್ಲಿ? ವಿಧೇಯತೆಯ ವ್ರತ ತಗೊಂಡವಳು ನಾನು. ಹೋಗು ಅಂದ್ರೆ ಹೋಗಬೇಕು, ಕೂತ್ಕೋ ಅಂದ್ರೆ ಕೂತ್ಕೋಬೇಕು. ನನ್ನದು ಅಂತ ಏನನ್ನೂ ಕೇಳೋ ಹಾಗಿಲ್ಲ, ಕೋಣೇನೂ ಕೇಳೋ ಹಾಗಿಲ್ಲ. ಅವರಾಗೇ ಕೇಳಿದ್ರೆ ಸುಳ್ಳಂತೂ ಹೇಳಲ್ಲ. ಆದ್ರೆ ಯಾರೂ ಕೇಳಲ್ವಲ್ಲ." ಕೆಂಪು ಶಾಯಿಯಲ್ಲಿ ಒಂದು ತಪ್ಪು ಗುರುತು ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೀನಿನ್ನೂ ಯಾವ ವ್ರತಾನೂ ತಗೊಂಡಿಲ್ಲ. ಬಾಯಿ ನಿಂದೇ ಇದೆ. ತಗೊಂಡ ಮೇಲೆ ಅದೂ ಇರಲ್ಲ."

"ನನಗೆ ಮಾತೇ ಬರಲ್ಲ ಸಿಸ್ಟರ್."

"ಬರದೆ ಏನು, ಈಗ ಆಡ್ತಿದ್ದೀಯಲ್ಲ" ಎಂದು ಅವರು ಮುಂದಿನ ನೋಟ್ಸು ತೆಗೆದುಕೊಂಡರು.

ಮದರ್ ಕ್ಲೆಮೆನ್ಸಿಯಾ ಶನಿವಾರ ಬಂದರು. ಇಟ್ಟಿಗೆ ಸಿಮೆಂಟಿನಲ್ಲಿ ಕೋಣೆ ಕಟ್ಟುವ ದೊಡ್ಡ ಪಟ್ಟಣದವರು, ನಮ್ಮೂರ ರೀತಿಯನ್ನು ಫೋನಿನಲ್ಲಿ ಕೇಳಿ ತಿಳಿದಿದ್ದರು ಅಷ್ಟೆ. ಚುರುಕಾದ ಹೆಂಗಸು. ಯಾರ ಮಾತನ್ನಾದರೂ ಕೇಳುವಾಗ ತಲೆಯನ್ನು ಒಂದು ಕಡೆಗೆ ವಾಲಿಸಿ, ಕೇಳಿ ಮುಗಿಯುವ ಮೊದಲೇ, ಮನಸ್ಸಿನ ಮಾತು ಹಂಚಿಕೊಂಡಿರಿ ಎಂಬರ್ಥದಲ್ಲಿ, "ಬಹಳ ಒಳ್ಳೆಯ ಹಂಚಿಕೆ" ಅನ್ನುತ್ತಿದ್ದರು. ಊಟದ ಮನೆಯ ಮೇಜುಗಳನ್ನು ಸೇರಿಸಿ ಕಾರ್ಯಕ್ರಮ ನಡೆಯಿತು. ಭವಿಷ್ಯವೇ ನಾನಾದ್ದರಿಂದ ನನಗೂ ಕರೆಯಿತ್ತು. ಮೊದಲ ದಿನ ಎಲ್ಲರಿಗೂ ಬಣ್ಣಬಣ್ಣದ ಚೀಟಿ ಹಂಚಿ, ಹಳದಿಯಲ್ಲಿ ಸಭೆಯ ಬಲ, ನೀಲಿಯಲ್ಲಿ ದೌರ್ಬಲ್ಯ, ಗುಲಾಬಿಯಲ್ಲಿ ಕನಸು ಬರೆದು ಗೋಡೆಗೆ ಅಂಟಿಸಲು ಹೇಳಿದರು. ನೀಲಿ ಚೀಟಿಗಳು ಖಾಲಿಯಾಗಿಯೇ ಗೋಡೆ ಸೇರಿದವು, ಸುಪೀರಿಯರ ಎದುರು ಯಾರು ಬರೆಯುತ್ತಾರೆ. ಸಿಸ್ಟರ್ ಬರ್ನಿ ಗುಲಾಬಿ ಚೀಟಿಯಲ್ಲಿ "ಗಟ್ಟಿ ಮಿಕ್ಸಿ" ಎಂದು ಬರೆದರು. ಮದರ್ ಅದನ್ನು ಓದಿ, ಇದು ಬೇರೆ ಬೇರೆ ಮನಸ್ಸುಗಳು ಒಂದಾಗಿ ಬೆರೆಯುವುದರ ಸಂಕೇತ ಎಂದರು. "ಅಲ್ಲ ಮದರ್, ಚಟ್ನಿಗೆ" ಎಂದು ಬರ್ನಿ ತಿದ್ದಿದರು. ಅದೂ ಬಹಳ ಒಳ್ಳೆಯ ಹಂಚಿಕೆ ಎನಿಸಿಕೊಂಡಿತು.

ಎರಡನೆಯ ದಿನ ಮದರ್ ಒಂದು ಚಾರ್ಟು ಬಿಚ್ಚಿದರು. ಪಟ್ಟಣದಲ್ಲೇ ಅಚ್ಚು ಹಾಕಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ತಂದದ್ದು. ನೆತ್ತಿಯಲ್ಲಿ ನನ್ನ ಹೆಸರು, ಅದರ ಕೆಳಗೆ ಏಣಿಯ ಹಾಗೆ ಹನ್ನೆರಡು ವರ್ಷ. ಮೊದಲ ವರ್ಷ ನಾನು ನವಶಿಷ್ಯೆ, ಅಂದರೆ ತರಬೇತಿಯ ಹುಡುಗಿ. ಮೂರಕ್ಕೆ ಮೊದಲ ವ್ರತಗಳು. ಆಮೇಲೆ ಬಿ.ಎಡ್. ಏಳಕ್ಕೆ ಜೀವನಪರ್ಯಂತದ ನಿತ್ಯವ್ರತ. ಎಂಟಕ್ಕೆ ಹೆಡ್‌ಮಿಸ್ಟ್ರೆಸ್. ಒಂಬತ್ತರಲ್ಲಿ ನಾನೊಂದು ಪಿ.ಯು. ಕಾಲೇಜು ತೆರೆಯುತ್ತೇನೆ. ಹತ್ತರಿಂದ ವರ್ಷಕ್ಕಿಬ್ಬರಂತೆ ಹೊಸಬರನ್ನು ಸಭೆಗೆ ಸೆಳೆಯುತ್ತೇನೆ. ಹನ್ನೆರಡಕ್ಕೆ ಸುಪೀರಿಯರ್. ಎದುರು ಸಿಕ್ಕವರಿಗೆ ನಮಸ್ಕಾರ ಹೇಳಲು ಬೆವರುವ ಒಂದು ಹುಡುಗಿಯ ಹೆಗಲ ಮೇಲೆ ಇಡೀ ಸಭೆ ಏಣಿ ಇಟ್ಟು ಹತ್ತಿ ಕೂತಿತ್ತು.

"ಅಡುಗೆಗೆ ಯಾರು ಅಂತ ಬರೆದಿಲ್ಲವಲ್ಲ ಮದರ್" ಅಂದರು ಬರ್ನಿ. "ಅದಕ್ಕೂ ಅವಳನ್ನೇ ಹಾಕ್ಬಿಡಿ. ಗಂಟೆ ಹೊಡೆಯೋದಕ್ಕೂ ಹಾಕಿ."

ಮದರ್ ನಕ್ಕು, ನನ್ನ ಕಡೆ ತಲೆ ವಾಲಿಸಿದರು. "ಜಸಿಂತಾ, ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಮ್ಮ. ಮನಃಪೂರ್ವಕ ಒಪ್ಪಿಗೆ ತಾನೆ?"

ಎಲ್ಲರೂ ನನ್ನ "ಹ್ಞೂಂ"ಗಾಗಿ ಕಾದರು. ಅದು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಮೇಜಿನ ಕೊನೆಯಲ್ಲಿ ಸಿಸ್ಟರ್ ಅಪೊಲಿನ್ ಕೂತಿದ್ದರು. ಅವರ ಗಂಟು ಆಗಲೇ ಬಾಗಿಲ ಹತ್ತಿರ ಇತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ, ಚಾರ್ಟಿನ ಗೆರೆಗಳು ನೆಟ್ಟಗಿವೆಯೇ ಎಂದು ನೋಡುತ್ತಿದ್ದರು.

"ಇಲ್ಲ" ಅಂದೆ.

"ಏನಂದೆಯಮ್ಮ? ಕೇಳಿಸ್ಲಿಲ್ಲ."

"ಆ ಕೋಣೆ ನನ್ನದಲ್ಲ ಮದರ್. ನಾನು ಬರಲ್ಲ."

"ವಿನಯ" ಎಂದು ಮದರ್ ಲಿಯೋನಿಯವರ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದರು. "ನಿಜವಾದ ಕರೆ ಬಂದವರೆಲ್ಲ ಮೊದಲು ಹೀಗೇ ನಾನು ಯೋಗ್ಯಳಲ್ಲ ಅಂತಾರೆ."

ಬೇಡ ಅಂದರೂ ಹೂಂ ಎಂದೇ ಕೇಳಿಸಿಕೊಳ್ಳುವ ಕಿವಿಗಳ ನಡುವೆ ಸಿಕ್ಕಿಬಿದ್ದಿದ್ದೇನೆ ಎಂದು ಆಗ ಗೊತ್ತಾಯಿತು. ನಾನು ಎದ್ದು ನಿಂತೆ. ನಾನು ನಿಂತರೆ ಯಾರೂ ನೋಡದಿರಲು ಆಗುವುದಿಲ್ಲ.

"ಆ ಬಾಗಿಲು ನನ್ನ ಭುಜಕ್ಕೆ ಬರುತ್ತೆ. ಗೋಡೆ ಕಪ್ಪಗಿರೋದು ಅದು ಕರಿಹಲಗೆ ಅಂತ. ಕಿಟಕಿ ಏಳನೇ ಕ್ಲಾಸಿಗೆ ತೆರೆಯುತ್ತೆ. ಅದು ಅಪೊಲಿನ್ ಸಿಸ್ಟರ ಕೋಣೆ. ಜೂನಿನಿಂದ ಏಳನೇ ಕ್ಲಾಸಿಗೆ ಪಾಠ ಮಾಡ್ತಿರೋದು ಅವರು. ನಾನು ಬರೀ ಹಲಗೆ ಮೇಲೆ ಬರೀತೀನಿ."

ಇಷ್ಟು ಉದ್ದದ ಮಾತನ್ನು ನಾನು ಜೀವನದಲ್ಲಿ ಆಡಿರಲಿಲ್ಲ. ಮುಗಿದ ಮೇಲೆ ಕೂರುವುದು ಹೇಗೆಂಬುದು ಮರೆತುಹೋಗಿ ನಿಂತೇ ಇದ್ದೆ.

"ಸಿಸ್ಟರ್ ಅಪೊಲಿನ್ ಅವರ ಕೋಣೆಗೆ ಏನಾಗಿತ್ತು?" ಎಂದರು ಮದರ್.

ಲಿಯೋನಿ ಜಪಸರ ತಡವಿದರು. "ಏನೂ ಆಗಿರಲಿಲ್ಲ ಮದರ್. ಅವರಿಗೆ ಪಾರ್ಲರಿನಲ್ಲಿ ಗಾಳಿ..."

"ಗೋಡೆ ಆಗಿತ್ತು ಮದರ್" ಅಂದರು ಬರ್ನಿ. "ಅದರ ಮೇಲೆ ಗಡಿಯಾರ ಹಾಕಿದ್ವಿ. ಪಾಪ, ಅದೂ ನಿಂತೋಗಿದೆ."

ಮದರ್ ಮೇಜಿನ ಕೊನೆಯ ಕಡೆ ನೋಡಿದರು. "ಸಿಸ್ಟರ್, ಈ ಹುಡುಗಿ ಹೇಳ್ತಿರೋದು ನಿಜವಾ? ಆ ಕೋಣೆ ನಿಮ್ಮದಾ?"

"ಕೇಳಿದಿರಲ್ಲ, ಅದಕ್ಕೆ ಹೇಳ್ತೀನಿ" ಎಂದು ಸಿಸ್ಟರ್ ಅಪೊಲಿನ್ ನಿಧಾನವಾಗಿ ಕನ್ನಡಕ ತೆಗೆದರು. "ಹೌದು, ನಂದೇ. ಪಾಠಾನೂ ನಂದೇ. ಬೇಕಿದ್ರೆ ಏಳನೇ ಕ್ಲಾಸಿನ ಯಾವ ಮಗೂನಾದ್ರೂ ಕರೆದು ಮುಕ್ಕಾಲಿಗೆ ಅರ್ಧ ಕೂಡಿಸು ಅನ್ನಿ. ಹೆಡ್‌ಮಿಸ್ಟ್ರೆಸ್ಸಿಗಿಂತ ಬೇಗ ಹೇಳ್ತವೆ."

ಲಿಯೋನಿ ಮೇಜಿಗೆ ಕೈಯೂರಿ ಎದ್ದರು. "ಹಾಗಾದ್ರೆ ನಾನು ಇಷ್ಟು ದಿನ ಈ ಹುಡುಗೀನ ಹೊಗಳಿದ್ದು ಯಾತಕ್ಕೆ?"

"ಕೈಬರಹಕ್ಕೆ" ಅಂದರು ಬರ್ನಿ.

ಮದರ್ ಕ್ಲೆಮೆನ್ಸಿಯಾ ಬಹಳ ಹೊತ್ತು ಚಾರ್ಟನ್ನೇ ನೋಡಿದರು. ಅವರ ಕಷ್ಟ ನನಗೆ ಅರ್ಥವಾಯಿತು. ಈ ಕಾನ್ವೆಂಟಿಗೆ ಹೊಸ ಕೋಣೆ ಬಂದಿದೆ ಎಂದು ಅವರು ಆಗಲೇ ಮೇಲಿನವರಿಗೆ ತಿಳಿಸಿದ್ದರು. ಆ ಕೋಣೆ ಇದ್ದದ್ದೂ ನಿಜ, ಅದರೊಳಗೆ ಒಂದು ಹೆಣ್ಣುಜೀವ ಇದ್ದದ್ದೂ ನಿಜ. ಬಾಗಿಲ ಹತ್ತಿರದ ಗಂಟನ್ನು ವ್ಯಾನಿಗೆ ಹಾಕಿ ಕಳಿಸಿದರೆ ಕೋಣೆ ಮತ್ತೆ ಗೋಡೆಯಾಗುತ್ತದೆ. ಆಗ ಭವಿಷ್ಯವೇ ಇರುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ಚಾರ್ಟಿನ ಮೇಲೆ ಅಳಿಸಲೂ ಬರುವುದಿಲ್ಲ. ಕಡೆಗೆ ಅವರು ಗೋಡೆಯಿಂದ ಒಂದು ನೀಲಿ ಚೀಟಿ ಕಿತ್ತರು. ದೌರ್ಬಲ್ಯದ ಚೀಟಿಗಳು ಮಾತ್ರ ಖಾಲಿ ಇದ್ದವಲ್ಲ. ಅದರ ಮೇಲೆ ದುಂಡಗೆ "ಸಿಸ್ಟರ್ ಅಪೊಲಿನ್" ಎಂದು ಬರೆದು ನನ್ನ ಹೆಸರಿನ ಮೇಲೆ ಅಂಟಿಸಿ, ಅಂಗೈಯಿಂದ ಒತ್ತಿದರು. ಕೆಳಗಿನ ಹನ್ನೆರಡು ವರ್ಷ ಇದ್ದ ಹಾಗೇ ಇತ್ತು.

"ಯೋಜನೆ ಅಂಗೀಕಾರವಾಯಿತು" ಎಂದರು.

ಸಿಸ್ಟರುಗಳು ಚಪ್ಪಾಳೆ ತಟ್ಟಿದರು. ಎಪ್ಪತ್ತೆಂಟು ವರ್ಷದ ಸಿಸ್ಟರ್ ಅಪೊಲಿನ್ ಎದ್ದು ಬಂದು, ಕತ್ತು ಓರೆ ಮಾಡಿ, ತಮ್ಮ ಭವಿಷ್ಯವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಬಿ.ಎಡ್. ಇನ್ನೊಂದ್ಸಲ ಮಾಡಬೇಕಾ ಮದರ್?"

"ಅದೆಲ್ಲ ಮುಂದೆ ನೋಡೋಣ ಸಿಸ್ಟರ್."

"ತೊಂಬತ್ತಕ್ಕೆ ಸುಪೀರಿಯರ್ ಅಂತಿದೆ."

"ದೇವರ ಚಿತ್ತ" ಎಂದು ಮದರ್ ಚಾರ್ಟು ಸುತ್ತತೊಡಗಿದರು.

ಊಟವಾದ ಮೇಲೆ ವ್ಯಾನು ಹೊರಟಿತು. ಎರಡು ಸೀಟಿನಲ್ಲಿ ಬರ್ನಿಯವರ ಉಪ್ಪಿನಕಾಯಿ ಜಾಡಿಗಳು ಕೂತಿದ್ದವು. ಮದರ್ ಕಿಟಕಿಯಿಂದ ಕೈ ಚಾಚಿ, "ಮನಸ್ಸು ಬದಲಾದ್ರೆ ಹೇಳಮ್ಮ" ಅಂದರು. "ಬದಲಾಗಲ್ಲ ಮದರ್" ಅಂದೆ. ಎರಡನೆಯ ಸಲ ಹೇಳುವಾಗ ಅಷ್ಟೇನೂ ಕಷ್ಟವಾಗಲಿಲ್ಲ. ಸಿಸ್ಟರ್ ಲಿಯೋನಿ ನನ್ನ ಕಡೆ ನೋಡದೆ, ಸೋಮವಾರದಿಂದ ಆರನೇ ತರಗತಿಯೂ ನಿನಗೇ, ಅಲ್ಲಿ ಒಬ್ಬಳೇ, ಎಂದು ಹೇಳಿ ಒಳಗೆ ಹೋದರು. ಅದು ಶಿಕ್ಷೆ. ಸಿಸ್ಟರ್ ಅಪೊಲಿನ್ ತಮ್ಮ ಗಂಟನ್ನು ನನ್ನ ಕೈಗೆ ಕೊಟ್ಟು, ಕಾರಿಡಾರಿನಲ್ಲಿ ಮುಂದೆ ಮುಂದೆ ನಡೆದರು.

"ಬೇಗ ಬಾ" ಅಂದರು. "ಮುಂದಿನ ಜೂನಿಗೆ ನಾನು ನವಶಿಷ್ಯೆ ಆಗಬೇಕಂತೆ. ಅಷ್ಟರೊಳಗೆ ದಶಮಾಂಶ ಮುಗಿಸಿಬಿಡೋಣ."